ರಾಜನೇ ಸೆರೆಸಿಕ್ಕರೂ ಮಟಿಲ್ಡಾಗೆ ಕಿರೀಟ ಏಕೆ ದಕ್ಕಲಿಲ್ಲ?

ಓದುಗರ ಪ್ರಶ್ನೆ: 1141ರ ಫೆಬ್ರವರಿಯಲ್ಲಿ ಲಿಂಕನ್ ಕದನದಲ್ಲಿ ಇಂಗ್ಲೆಂಡಿನ ರಾಜ ಸ್ಟೀಫನ್ ಸೆರೆಯಾದ. ಗೆದ್ದ ಮಟಿಲ್ಡಾ ಮಾತ್ರ ಪಟ್ಟವೇರಲೇ ಇಲ್ಲ. ಅವಳ ದರ್ಪವೇ ಇದಕ್ಕೆ ಕಾರಣವೇ?

ದರ್ಪದ ಮಾತನ್ನು ಅಂದಿನ ಚರಿತ್ರೆಕಾರರೇ ಬರೆದಿಟ್ಟಿದ್ದಾರೆ. ಆದರೆ ಅಷ್ಟಕ್ಕೇ ನಿಂತರೆ ಅವಳನ್ನು ಸೋಲಿಸಿದ ಹೆಂಗಸು ಕಣ್ಣಿಗೆ ಬೀಳುವುದಿಲ್ಲ. ಅವಳ ಹೆಸರೂ ಮಟಿಲ್ಡಾ: ಸ್ಟೀಫನ್‌ನ ಹೆಂಡತಿ, ಬೊಲೋನ್ ಸಂಸ್ಥಾನದ ವಾರಸುದಾರಳು. ಗೊಂದಲವಾಗದಂತೆ ಇವಳನ್ನು ರಾಣಿ ಎನ್ನೋಣ. ಜರ್ಮನಿಯ ಚಕ್ರವರ್ತಿಯ ವಿಧವೆಯಾಗಿದ್ದ ಇನ್ನೊಬ್ಬಳನ್ನು ಸಾಮ್ರಾಜ್ಞಿ ಎನ್ನೋಣ.

ಇದು ಅಪ್ಪಟ ದಾಯಾದಿ ಕಲಹ. ಸಾಮ್ರಾಜ್ಞಿ ಒಂದನೇ ಹೆನ್ರಿಯ ಮಗಳು. ಅಣ್ಣತಮ್ಮಂದಿರಲ್ಲಿ ಪಟ್ಟಕ್ಕೆ ಬಾಧ್ಯನಾಗಿದ್ದ ಒಬ್ಬನೇ ಒಬ್ಬ 1120ರಲ್ಲಿ ಹಡಗು ಮುಳುಗಿ ಸತ್ತ ಮೇಲೆ, ಇವಳೇ ಉತ್ತರಾಧಿಕಾರಿ ಎಂದು ಸಾಮಂತರೆಲ್ಲ 1127ರಲ್ಲಿ ಆಣೆ ಇಟ್ಟಿದ್ದರು. 1135ರಲ್ಲಿ ಹೆನ್ರಿ ತೀರಿಕೊಂಡ ಮೂರೇ ವಾರಕ್ಕೆ ಸೋದರತ್ತೆಯ ಮಗ ಸ್ಟೀಫನ್ ಕಿರೀಟ ಹಾಕಿಸಿಕೊಂಡ. ಇನ್ನು ರಾಣಿ, ಸಾಮ್ರಾಜ್ಞಿಯ ಚಿಕ್ಕಮ್ಮನ ಮಗಳು. ನಮ್ಮ ಲೆಕ್ಕದಲ್ಲಿ ಅಕ್ಕತಂಗಿಯರೇ. ಸ್ಕಾಟ್ಲೆಂಡಿನ ರಾಜ ಡೇವಿಡ್ ಇಬ್ಬರಿಗೂ ಸೋದರಮಾವ. ಸಾಮ್ರಾಜ್ಞಿಯ ಪರ ದಂಡೆತ್ತಿ ಬಂದಿದ್ದ ಆ ಮಾವನೊಡನೆ 1139ರಲ್ಲಿ ಡರ್ಹಾಮ್‌ನಲ್ಲಿ ಸಂಧಿ ಕುದುರಿಸಿದವಳು ಇದೇ ರಾಣಿ.

ರಾಣಿಯ ನಿಜವಾದ ಬಲ ಸಮುದ್ರ. ಇಂಗ್ಲಿಷ್ ಕಡಲ್ಗಾಲುವೆಯ ಆಚೆ ದಡದ ಬೊಲೋನ್ ಅವಳದು; ಲಂಡನ್ನಿನ ವ್ಯಾಪಾರಿಗಳ ಸರಕು ಓಡಾಡುತ್ತಿದ್ದುದು ಅದೇ ಕಡಲಿನಲ್ಲಿ. 1138ರಲ್ಲಿ ಡೋವರ್ ಕೋಟೆ ತಿರುಗಿಬಿದ್ದಾಗ ಅವಳು ನೆಲದ ಕಡೆಯಿಂದ ಮುತ್ತಿಗೆ ಹಾಕಿ, ಕಡಲ ಬಾಯನ್ನು ಬೊಲೋನಿನ ಹಡಗುಗಳಿಂದ ಕಟ್ಟಿಸಿದ್ದಳು. ಕೋಟೆ ಶರಣಾಯಿತು.

ಲಿಂಕನ್ ಸೋಲಿನ ನಂತರ ಗಂಡ ಬ್ರಿಸ್ಟಲ್‌ನಲ್ಲಿ ಬಂದಿ. ಅವನ ಸ್ವಂತ ತಮ್ಮ, ವಿಂಚೆಸ್ಟರಿನ ಬಿಷಪ್ ಹೆನ್ರಿಯೇ ಸಾಮ್ರಾಜ್ಞಿಯ ಪಾಳಯ ಸೇರಿದ. ಏಪ್ರಿಲ್‌ನಲ್ಲಿ ಆತ ಕರೆದ ಸಭೆಗೆ ರಾಣಿ ತನ್ನ ಗುಮಾಸ್ತನ ಕೈಲಿ ಗಂಡನ ಬಿಡುಗಡೆ ಕೋರಿ ಪತ್ರ ಕಳಿಸಿದಳು. ಫಲವಿಲ್ಲ. ಸಭೆ ಸಾಮ್ರಾಜ್ಞಿಯನ್ನು 'ಇಂಗ್ಲಿಷರ ಒಡತಿ' ಎಂದು ಒಪ್ಪಿಕೊಂಡಿತು. ಅವಳು ಪಟ್ಟವೇರಲು ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಭಿಷೇಕವೊಂದೇ ಬಾಕಿ.

ಅಲ್ಲಿಯೇ ಎಡವಟ್ಟಾಯಿತು. ಜೂನ್‌ನಲ್ಲಿ ಲಂಡನ್ನಿಗೆ ಬಂದ ಸಾಮ್ರಾಜ್ಞಿ ಊರಿನವರಿಂದ ಭಾರೀ ಹಣ ಕೇಳಿದಳು, ವಿನಾಯಿತಿ ಬೇಡಿದವರನ್ನು ಗದರಿ ಕಳಿಸಿದಳು. ಅದೇ ಹೊತ್ತಿಗೆ ರಾಣಿ, ಫ್ಲೆಮಿಶ್ ಸೇನಾನಿ ವಿಲಿಯಂ ಆಫ್ ಈಪ್ರ್‌ನೊಡನೆ ಕೆಂಟ್ ಕಡೆಯಿಂದ ದಂಡು ತಂದು ಥೇಮ್ಸ್‌ನ ದಕ್ಷಿಣ ದಡವನ್ನು ಸುಲಿಯತೊಡಗಿದಳು. ಒಬ್ಬಳು ಹಣ ಕೇಳುತ್ತಿದ್ದಾಳೆ, ಇನ್ನೊಬ್ಬಳ ಬೆಂಕಿ ಹೊಳೆಯಾಚೆ ಕಾಣುತ್ತಿದೆ. ಜೂನ್ 24ರಂದು ಗಂಟೆ ಬಾರಿಸಿ ಊರೇ ಎದ್ದಿತು. ಸಾಮ್ರಾಜ್ಞಿ ಊಟ ಬಿಟ್ಟು ಆಕ್ಸ್‌ಫರ್ಡ್‌ಗೆ ಓಡಿದಳು. ದರ್ಪ ಎಂದು ಹೆಸರಾದದ್ದು ಈ ಹಣದ ಬೇಡಿಕೆ. ರಾಜನಾದವನು ಕೇಳಿದ್ದರೆ ಅದನ್ನು ಕಂದಾಯ ಎನ್ನುತ್ತಿದ್ದರು ಎಂದೇ ನಮ್ಮ ಅನಿಸಿಕೆ.

ರಾಣಿ ಲಂಡನ್ ಹೊಕ್ಕಳು. ಗಿಲ್ಡ್‌ಫರ್ಡ್‌ನಲ್ಲಿ ಬಿಷಪ್ ಮೈದುನನನ್ನು ಕಂಡು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡಳು. ಸಿಟ್ಟಾದ ಸಾಮ್ರಾಜ್ಞಿ ಆಗಸ್ಟ್‌ನಲ್ಲಿ ವಿಂಚೆಸ್ಟರಿನಲ್ಲಿ ಬಿಷಪ್ಪನ ಕೋಟೆಗೆ ಮುತ್ತಿಗೆ ಹಾಕಿದಾಗ, ಲಂಡನ್ನಿನ ಜನರೂ ಸೇರಿದ್ದ ರಾಣಿಯ ಸೇನೆ ಮುತ್ತಿಗೆಗಾರರನ್ನೇ ಹೊರಗಿನಿಂದ ಸುತ್ತುವರಿಯಿತು. ದಾರಿಗಳನ್ನು ಕಡಿದು ದವಸ ಒಳಹೋಗದಂತೆ ಮಾಡಿತು. ಸೆಪ್ಟೆಂಬರ್ 14ರಂದು ಹಸಿದ ಸೇನೆ ಚೆಲ್ಲಾಪಿಲ್ಲಿಯಾಯಿತು. ಸಾಮ್ರಾಜ್ಞಿ ತಪ್ಪಿಸಿಕೊಂಡಳು, ಅವಳ ಬಲಗೈಯಾಗಿದ್ದ ಮಲಅಣ್ಣ, ಗ್ಲೌಸೆಸ್ಟರಿನ ರಾಬರ್ಟ್ ಸಿಕ್ಕಿಬಿದ್ದ.

ಅವನಿಲ್ಲದೆ ಯುದ್ಧ ನಡೆಯದು, ಹಾಗಾಗಿ ಕೈದಿಗೆ ಕೈದಿ ಬದಲಾಯಿಸಲು ಒಪ್ಪಂದವಾಯಿತು. ಪರಸ್ಪರ ನಂಬಿಕೆ ಎಷ್ಟಿತ್ತೆಂದು ಅದರ ಕ್ರಮವೇ ಹೇಳುತ್ತದೆ. ರಾಣಿ ಮಗನೊಂದಿಗೆ ಬ್ರಿಸ್ಟಲ್‌ನಲ್ಲಿ ಒತ್ತೆಯಾಗಿ ಕುಳಿತಳು. ನವೆಂಬರ್ 1ರಂದು ಸ್ಟೀಫನ್ ಹೊರಬಂದ. ಅವನು ವಿಂಚೆಸ್ಟರ್ ತಲುಪಿದ ಮೇಲೆ ರಾಬರ್ಟ್ ತನ್ನ ಮಗನನ್ನು ಅಲ್ಲಿ ಒತ್ತೆಯಿಟ್ಟು ಹೊರಟ. ರಾಬರ್ಟ್ ಬ್ರಿಸ್ಟಲ್ ಮುಟ್ಟಿದ ಮೇಲಷ್ಟೇ ರಾಣಿಗೆ ಬಿಡುಗಡೆ. ಆ ವರ್ಷದ ಕ್ರಿಸ್‌ಮಸ್‌ಗೆ ಕ್ಯಾಂಟರ್ಬರಿಯಲ್ಲಿ ಸ್ಟೀಫನ್ ಮತ್ತೆ ಕಿರೀಟ ಧರಿಸಿದ.

ರಾಣಿ 1152ರ ಮೇ 3ರಂದು ತೀರಿಕೊಂಡಳು. ಮರುವರ್ಷವೇ ಸ್ಟೀಫನ್, ಸಾಮ್ರಾಜ್ಞಿಯ ಮಗ ಹೆನ್ರಿಯನ್ನು ತನ್ನ ಉತ್ತರಾಧಿಕಾರಿಯೆಂದು ಒಪ್ಪಿಕೊಂಡ.