ಹೆನ್ರಿಯೆಟ್ಟಾ ಎಂಬವಳು ನಿಜಕ್ಕೂ ಇದ್ದಳೇ?

ಪ್ರಶ್ನೆ: ಅಮೆರಿಕದ ಮೊದಮೊದಲ ಕಾದಂಬರಿಕಾರ ಚಾರ್ಲ್ಸ್ ಬ್ರಾಕ್‌ಡನ್ ಬ್ರೌನ್ ಹರೆಯದಲ್ಲಿ ಹೆನ್ರಿಯೆಟ್ಟಾಗೆ ಬರೆದ ಪ್ರೇಮಪತ್ರಗಳಿವೆಯಂತೆ. ಅವನ್ನು ಅವನ ಜೀವನಚರಿತ್ರೆಯ ಭಾಗವಾಗಿ ಓದಬಹುದೇ?

ಓದಬಾರದು ಅನ್ನುವುದೇ ನನ್ನ ಉತ್ತರ. ಇಪ್ಪತ್ತನೇ ಶತಮಾನದ ನಡುವಿನವರೆಗೂ ಅವನ್ನು ನಿಜವಾದ ಪ್ರೇಮಪತ್ರಗಳೆಂದೇ ನಂಬಿದ್ದವರಿದ್ದರು. ಈಗಿನ ವಿದ್ವಾಂಸರು ಹೆಚ್ಚಾಗಿ ಅವನ್ನು ಪತ್ರರೂಪದ ಕಥೆಯ ತುಣುಕುಗಳೆಂದು ಓದುತ್ತಾರೆ. ನನಗೂ ಅದೇ ಸರಿ ಎನಿಸುತ್ತದೆ. ಇಂಗ್ಲೆಂಡಿನ ರಿಚರ್ಡ್‌ಸನ್, ಫ್ರೆಂಚ್‌ನಲ್ಲಿ ರೂಸೋ ಬರೆದ ಪತ್ರಕಾದಂಬರಿಗಳಿಗೆ ಆಗಿನ ಓದುಗರು ಮನಸೋತಿದ್ದ ಕಾಲ ಅದು. 1801ರಲ್ಲಿ ಬ್ರೌನ್ ಪ್ರಕಟಿಸಿದ 'ಕ್ಲಾರಾ ಹೊವಾರ್ಡ್', 'ಜೇನ್ ಟಾಲ್ಬಟ್' ಎರಡೂ ಪತ್ರಗಳಲ್ಲೇ ಸಾಗುವ ಕಾದಂಬರಿಗಳು. ಹೆನ್ರಿಯೆಟ್ಟಾ ಪತ್ರಗಳಲ್ಲಿ ಆ ಕೈ ಪಳಗುತ್ತಿರುವುದು ಕಾಣುತ್ತದೆ.

ಹಾಗಾದರೆ ಬ್ರೌನ್‌ನನ್ನು ಎಲ್ಲಿ ಹುಡುಕಬೇಕು? 1798ರ ಸೆಪ್ಟೆಂಬರ್‌ನ ನ್ಯೂಯಾರ್ಕ್‌ನಲ್ಲಿ. ಅವನ ಮೊದಲ ದೊಡ್ಡ ಕಾದಂಬರಿ 'ವೀಲ್ಯಾಂಡ್' ಅದೇ ತಿಂಗಳು ಹೊರಬಂತು. ಊರಲ್ಲಿ ಹಳದಿ ಜ್ವರ ಎಂಬ ಮಾರಕ ಸಾಂಕ್ರಾಮಿಕ. ಬ್ರೌನ್ ತಂಗಿದ್ದದ್ದು ಗೆಳೆಯ, ವೈದ್ಯ ಎಲಿಹು ಹಬರ್ಡ್ ಸ್ಮಿತ್‌ನ ಮನೆಯಲ್ಲಿ. ಜ್ವರ ಹತ್ತಿದ್ದ ಇಟಲಿಯ ವೈದ್ಯನೊಬ್ಬನನ್ನು ಸ್ಮಿತ್ ಆ ಮನೆಗೇ ಕರೆತಂದು ಆರೈಕೆ ಮಾಡಿದ. ಆ ಅತಿಥಿಯೂ ಉಳಿಯಲಿಲ್ಲ, ಸ್ಮಿತ್‌ನೂ ಉಳಿಯಲಿಲ್ಲ. ಸ್ಮಿತ್‌ಗೆ ಆಗ 27 ವರ್ಷ. ಬ್ರೌನ್‌ನೂ ಮಲಗಿ ಎದ್ದ. ಆ ದಿನಗಳಲ್ಲಿ ಫಿಲಡೆಲ್ಫಿಯಾದ ಅಣ್ಣಂದಿರಿಗೆ ಅವನು ಬರೆದ ಕಾಗದಗಳಿವೆಯಲ್ಲ, ಅವನ್ನು ಓದಬೇಕು. ಮುಂದೆ 'ಆರ್ಥರ್ ಮರ್ವಿನ್' ಕಾದಂಬರಿಯಲ್ಲಿ 1793ರ ಫಿಲಡೆಲ್ಫಿಯಾದ ಜ್ವರವನ್ನು ಚಿತ್ರಿಸಿದವನು ಇಲ್ಲಿ ಬರೀ ಒಬ್ಬ ತಮ್ಮ; ಮನೆಯಲ್ಲಿ ಯಾರಿಗೆ ಹೇಗಿದೆ ಎಂದು ಅಣ್ಣನಿಗೆ ತಿಳಿಸುತ್ತಿದ್ದಾನೆ. ಗೆಳೆಯನ ಸಾವಿನ ಮುಂದೆ ಅವನಲ್ಲಿ ಮಾತೇ ಸಾಲದು.

ಮರುವರ್ಷ ನ್ಯೂಯಾರ್ಕ್‌ನಲ್ಲಿ, ಆಮೇಲೆ 1803ರಿಂದ ಫಿಲಡೆಲ್ಫಿಯಾದಲ್ಲಿ ಮಾಸಪತ್ರಿಕೆಗಳ ಸಂಪಾದಕನಾದ. ಎಷ್ಟೋ ಪುಟಗಳನ್ನು ತಾನೇ ಬರೆದು ತುಂಬಿಸುತ್ತಿದ್ದ. ವಕೀಲಿಕೆ ಕಲಿಯಲು ಹೋಗಿ ಬಿಟ್ಟುಬಂದವನು ಬರಹವನ್ನು ಹಿಡಿದಿದ್ದ, ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ.

ಪ್ರೇಮಪತ್ರಗಳೇ ಬೇಕೆಂದರೆ ಎಲಿಜಬೆತ್ ಲಿನ್‌ಗೆ ಬರೆದವನ್ನು ತೆರೆಯಿರಿ. ಆಕೆ ಪ್ರೆಸ್ಬಿಟೇರಿಯನ್ ಪಾದ್ರಿಯ ಮಗಳು, ಅವನದು ಕ್ವೇಕರ್ ಮನೆತನ; ಎರಡೂ ಕ್ರೈಸ್ತರೊಳಗಿನ ಬೇರೆಬೇರೆ ಪಂಥಗಳು. ಮನೆಯವರಿಗೆ ಈ ಸಂಬಂಧ ಒಪ್ಪಿಗೆಯಿರಲಿಲ್ಲ. 1804ರ ನವೆಂಬರ್‌ನಲ್ಲಿ ಮದುವೆಯಾದ. ಮತದ ಹೊರಗೆ ಮದುವೆಯಾದನೆಂದು ಕ್ವೇಕರ್ ಸಭೆ ಅವನನ್ನು ಹೊರಗಿಟ್ಟಿತು. ಕ್ಷಯದಿಂದ 1810ರ ಫೆಬ್ರವರಿಯಲ್ಲಿ, 39ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವನ ಹಿಂದೆ ಉಳಿದವರು ಎಲಿಜಬೆತ್ ಮತ್ತು ಪುಟ್ಟ ಮಕ್ಕಳು.