ಮನೆಗೆ ಹೆಂಡತಿಯ ಹೆಸರೇಕೆ?

ಪ್ರಶ್ನೆ: ಸಿಡ್ನಿಯಲ್ಲಿರುವ ಮಗನ ಮನೆಗೆ ಹೋದಾಗ ‘ಎಲಿಜಬೆತ್ ಫಾರ್ಮ್’ ಎಂಬ, ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಮನೆ ನೋಡಿದೆವು. ಜಮೀನು ಸಿಕ್ಕಿದ್ದು ಗಂಡನಿಗೆ. ಆಸ್ಟ್ರೇಲಿಯಾದ ಉಣ್ಣೆ ಉದ್ಯಮದ ಪಿತಾಮಹ ಅನ್ನುವುದೂ ಅವನನ್ನೇ. ಮತ್ತೆ ಮನೆಗೆ ಹೆಂಡತಿಯ ಹೆಸರೇಕೆ?

ಉತ್ತರ: ಹೆಸರಿಟ್ಟವನು ಗಂಡನೇ. ಸೇನಾಧಿಕಾರಿ ಜಾನ್ ಮೆಕಾರ್ಥರ್‌ಗೆ 1793ರಲ್ಲಿ ಪ್ಯಾರಮಾಟದ ಹತ್ತಿರ 100 ಎಕರೆ ಮಂಜೂರಾಯಿತು. ಆ ಜಮೀನಿಗೆ ಹೆಂಡತಿಯ ಹೆಸರಿಟ್ಟ. ಅಂದು ಅದು ಪ್ರೀತಿಗೆ ಇಟ್ಟ ಹೆಸರು. ಆಮೇಲೆ ಆಕೆ ದುಡಿದು ಆ ಹೆಸರನ್ನು ತನ್ನದಾಗಿಸಿಕೊಂಡಳು ಎಂಬುದು ನನ್ನ ಅಭಿಪ್ರಾಯ.

ಎಲಿಜಬೆತ್ ಇಂಗ್ಲೆಂಡಿನ ಡೆವನ್ ಸೀಮೆಯ ರೈತನ ಮಗಳು. 1790ರಲ್ಲಿ ಪುಟ್ಟ ಮಗನನ್ನು ಎತ್ತಿಕೊಂಡು, ಕೈದಿಗಳನ್ನು ಸಾಗಿಸುವ ಹಡಗಿನಿಂದ ಸಿಡ್ನಿಯಲ್ಲಿ ಇಳಿದಾಗ ಆಕೆಗೆ 23 ವರ್ಷ. ನಡುದಾರಿಯಲ್ಲಿ, ಹಡಗಿನಲ್ಲೇ ಹೆತ್ತ ಹೆಣ್ಣುಮಗು ಉಳಿಯಲಿಲ್ಲ.

ಮನೆ ಮೊದಲು ಚಿಕ್ಕದು. 68 ಅಡಿ ಉದ್ದ, 18 ಅಡಿ ಅಗಲದ ಇಟ್ಟಿಗೆ ಕಟ್ಟಡ, ಅಡುಗೆಮನೆ ಬೇರೆ. ಮುಂದೆ ಅದು ಬೆಳೆಯಿತು, ಬಿಸಿಲಿಗೆ ಅಡ್ಡವಾಗಿ ಸೂರು ಇಳಿಬಿಟ್ಟ ಅಗಲವಾದ ಜಗಲಿ ಬಂತು. ಅದನ್ನು ಕರೆಯುವ ‘ವರಾಂಡ’ ಎಂಬ ಮಾತು ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದಲೇ. ಆಸ್ಟ್ರೇಲಿಯಾದಲ್ಲಿ ಯುರೋಪಿಯನ್ನರು ಕಟ್ಟಿಕೊಂಡ ಮನೆಗಳಲ್ಲಿ ಇಂದಿಗೂ ನಿಂತಿರುವ ಅತ್ಯಂತ ಹಳೆಯದು ಇದೇ.

ಜಾನ್ ಜಗಳಗಂಟ. 1801ರಲ್ಲಿ ಮೇಲಧಿಕಾರಿಯ ಜೊತೆ ಪಿಸ್ತೂಲಿನ ದ್ವಂದ್ವಯುದ್ಧ ಮಾಡಿದ್ದಕ್ಕೆ ಅವನನ್ನು ಇಂಗ್ಲೆಂಡಿಗೆ ಸಾಗಹಾಕಿದರು. ಅಲ್ಲಿ ಅರಸನ ಮಂದೆಯ, ನಯವಾದ ಉಣ್ಣೆಯ ಮೆರಿನೊ ತಳಿಯ ಕುರಿಗಳನ್ನು ಕೊಂಡು 1805ರಲ್ಲಿ ಮರಳಿದ. 1808ರಲ್ಲಿ ಆ ಬ್ರಿಟಿಷ್ ವಸಾಹತಿನ ಗವರ್ನರ್ ಬ್ಲೈ ಅವರನ್ನು ಪದಚ್ಯುತಗೊಳಿಸಿದ ದಂಗೆಯಲ್ಲೂ ಅವನದೇ ಮುಖ್ಯ ಕೈವಾಡ. ಮರುವರ್ಷ ಮತ್ತೆ ಹಡಗು ಹತ್ತಿದವನು, ಬಂದರೆ ಬಂಧನ ಎಂಬ ಭಯದಲ್ಲಿ 1817ರವರೆಗೆ ಈಚೆ ಕಾಲಿಡಲಾಗಲಿಲ್ಲ. ಎರಡು ಸಲವೂ ಸೇರಿ ಸುಮಾರು 12 ವರ್ಷ ಅವನು ಮನೆಯಲ್ಲಿರಲಿಲ್ಲ.

ಆ 12 ವರ್ಷ ಒಕ್ಕಲುತನ ಮಾಡಿದ್ದು ಎಲಿಜಬೆತ್. ಮೆರಿನೊ ಉಣ್ಣೆಯ ಬೆಲೆ ಅದರ ನಯದಲ್ಲಿದೆ. ಮಂದೆಗೆ ಒರಟು ತುಪ್ಪಟದ ಟಗರು ಸೇರಿಕೊಂಡರೆ ಮುಂದಿನ ಮರಿಗಳಲ್ಲೇ ಆ ನಯ ಕೆಡುತ್ತದೆ. ಯಾವ ಟಗರು ಉಳಿಸಬೇಕು, ಯಾವುದನ್ನು ಮಾರಬೇಕು, ಉಣ್ಣೆ ಯಾವಾಗ ಕತ್ತರಿಸಿ ಲಂಡನ್ನಿಗೆ ಕಳಿಸಬೇಕು, ಆಳುಗಳಿಗೆ ಹೊಟ್ಟೆಗೇನು ಎಂಬುದೆಲ್ಲ ಆಕೆಯ ತಲೆಯ ಮೇಲಿತ್ತು. ಗಂಡನ ಕಾಗದಗಳು ಸಲಹೆ ಹೊತ್ತು ಬರುತ್ತಿದ್ದವು ನಿಜ, ಆದರೆ ಸಮುದ್ರ ದಾಟಲು ಅವಕ್ಕೆ ತಿಂಗಳುಗಟ್ಟಲೆ ಬೇಕಿತ್ತು. ಈಯುವ ಕುರಿ ಅಷ್ಟು ದಿನ ಕಾಯುತ್ತದೆಯೇ?

ಇನ್ನೊಂದನ್ನು ಹೇಳದೆ ಈ ಉತ್ತರ ಪೂರ್ತಿಯಾಗದು. ಆ ನೆಲ ಖಾಲಿ ಇರಲಿಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ಬುರ್ರಮಟ್ಟಗಲ್ ಜನರದು, ಪ್ಯಾರಮಾಟ ಎಂಬ ಹೆಸರೂ ಅವರಿಂದಲೇ ಬಂತು. ಮಂಜೂರಾತಿಗೆ ಮುನ್ನ ಅವರನ್ನು ಯಾರೂ ಕೇಳಲಿಲ್ಲ. ಹೊಲದಲ್ಲಿ ಬೆವರು ಹರಿಸಿದವರಲ್ಲಿ ಹೆಚ್ಚಿನವರು ಗಡೀಪಾರಾದ ಕೈದಿಗಳು.

ಜಾನ್ 1834ರಲ್ಲಿ ತೀರಿಕೊಂಡ. ಎಲಿಜಬೆತ್ 1850ರವರೆಗೆ ಬಾಳಿದಳು. 1966ರಲ್ಲಿ ಬಂದ ಎರಡು ಡಾಲರ್ ನೋಟಿನ ಮೇಲೆ ಜಾನ್ ಮುಖವಿತ್ತು, ಪಕ್ಕದಲ್ಲಿ ಮೆರಿನೊ ಟಗರು. ಆ ಟಗರಿನ ತಳಿ ಕಾಯ್ದವಳಿಗೆ ಅಲ್ಲಿ ಜಾಗ ಸಿಗಲಿಲ್ಲ.

ಮತ್ತೆ ಹೋದರೆ ಒಳಗಿನ ಕುರ್ಚಿಯಲ್ಲಿ ಧೈರ್ಯವಾಗಿ ಕುಳಿತುಕೊಳ್ಳಿ. ಪೀಠೋಪಕರಣಗಳು ಹಳೆಯವುಗಳ ಪ್ರತಿರೂಪ, ಮುಟ್ಟಬಾರದೆಂಬ ಹಗ್ಗ ಕಟ್ಟಿಲ್ಲ. ಅಲ್ಲಿಂದ ನಡೆದೇ ಹ್ಯಾರಿಸ್ ಪಾರ್ಕ್ ಬಡಾವಣೆಗೆ ಹೋದರೆ ದೋಸೆಯೂ ಸಿಗುತ್ತದೆ.