ಅಲ್ಲಲ್ಲಿ ಮುಚ್ಚಳ ಬಿದ್ದಿತ್ತು

ಕಳೆದ ವಾರ ಒಬ್ಬರು ಬಂದು ನನ್ನ ಮೇಜಿನ ಮೇಲೆ ಒಂದು ಬಾಟಲಿ ಜೇನುತುಪ್ಪ ಇಟ್ಟರು. ತಗಡಿನ ಮುಚ್ಚಳ ಉಬ್ಬಿಕೊಂಡಿತ್ತು. ಅರ್ಧ ಸುತ್ತು ತಿರುಗಿಸಿದ್ದೇ ತಡ, 'ಟಪ್' ಎಂದು ಬಿಚ್ಚಿಕೊಂಡಿತು. ಅಂಚಿನಿಂದ ಬಿಳಿ ನೊರೆ ಮೆಲ್ಲಗೆ ಮೇಜಿಗೆ ಇಳಿಯಿತು. ಹಳಸಿದ ಹಣ್ಣಿನ ಹುಳಿ ವಾಸನೆ. "ನಮ್ಮ ಪೆಟ್ಟಿಗೆಯದೇ ಸರ್, ಒಂದು ಚಮಚ ಸಕ್ಕರೆ ಸೇರಿಸಿಲ್ಲ. ಹೀಗೇಕಾಯಿತು?" ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: "ತೆಗೆಯುವಾಗ ಎರಿಯ ಕಣಗಳಿಗೆ ಮೇಣದ ಮುಚ್ಚಳ ಬಿದ್ದಿತ್ತೇ?" ತುಸು ಯೋಚಿಸಿ ಹೇಳಿದರು, "ಅಲ್ಲಲ್ಲಿ ಬಿದ್ದಿತ್ತು."

ಈ 'ಅಲ್ಲಲ್ಲಿ'ಯನ್ನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಹೊಗೆ ಹಾಕುವುದು, ಮುಸುಕು ಕಟ್ಟುವುದು, ಸಂಜೆಯ ಹೊತ್ತು ಪೆಟ್ಟಿಗೆ ತೆರೆಯಬಾರದು ಎನ್ನುವುದು, ಇವೆಲ್ಲ ಜೇನು ಸಾಕುವ ಹವ್ಯಾಸಿಗಳಿಗೆ ಚೆನ್ನಾಗಿಯೇ ಗೊತ್ತು. ತಪ್ಪುವುದು ಈ ಒಂದು ವಿಷಯದಲ್ಲಿ. ಆದ್ದರಿಂದ ಹೇಳಿದ್ದನ್ನೇ ಹೇಳಿದರೆ ಬೇಸರಿಸಬೇಡಿ.

ಮುಚ್ಚಳ ಬೀಳದ ಕಣದಲ್ಲಿರುವುದು ಸಾಮಾನ್ಯವಾಗಿ ಇನ್ನೂ ಜೇನುತುಪ್ಪವಲ್ಲ. ಅದು ತುಪ್ಪವಾಗಲು ಹೊರಟಿರುವ ಮಕರಂದ. ಹೂವಿನಲ್ಲಿ ಮಕರಂದ ಬಹುಪಾಲು ನೀರೇ. ನೂರಕ್ಕೆ 70 ಭಾಗ ನೀರಿರುವುದೂ ಸಾಮಾನ್ಯ. ಹೊರಗಿನಿಂದ ತಂದ ನೊಣ ಅದನ್ನು ಗೂಡಿನೊಳಗಿನ ನೊಣಕ್ಕೆ ದಾಟಿಸುತ್ತದೆ. ಅದು ನಾಲಗೆಯ ಮೇಲೆ ಹನಿಯನ್ನು ತೆಳುವಾಗಿ ಹರಡಿ ಗಾಳಿಗೆ ಒಡ್ಡುತ್ತದೆ, ನುಂಗುತ್ತದೆ, ಮತ್ತೆ ಹೊರತರುತ್ತದೆ, ಕೊನೆಗೆ ಕಣದ ಗೋಡೆಗೆ ಅಂಟಿಸುತ್ತದೆ. ಇತ್ತ ನೂರಾರು ನೊಣಗಳು ರಾತ್ರಿಯಿಡೀ ರೆಕ್ಕೆ ಬೀಸಿ ಗೂಡಿನ ತೇವವನ್ನು ಹೊರಗೆ ತಳ್ಳುತ್ತಿರುತ್ತವೆ. ಮಕರಂದ ಭರದಿಂದ ಬರುವ ದಿನಗಳಲ್ಲಿ ಕತ್ತಲಾದ ಮೇಲೆ ಪೆಟ್ಟಿಗೆಗೆ ಕಿವಿಯಿಟ್ಟರೆ ಆ ಮೊರೆತ ಕೇಳುತ್ತದೆ. ಬಾಗಿಲ ಬಳಿ ಅಂಗೈ ಹಿಡಿದರೆ ಬೆಚ್ಚನೆಯ, ಪರಿಮಳದ ಗಾಳಿ ತಾಗುತ್ತದೆ. ನೀರು ಶೇಕಡಾ 18ರ ಆಸುಪಾಸಿಗೆ ಇಳಿದಾಗ ಕಣ ತುಂಬಿಸಿ ಮೇಣದ ಮುಚ್ಚಳ ಹಾಕುತ್ತವೆ. ಶೇಕಡಾ 70 ನೀರಿರುವ ಮಕರಂದದಿಂದ ಒಂದು ಕಿಲೋ ತುಪ್ಪವಾಗಬೇಕಾದರೆ ಹೆಚ್ಚುಕಡಿಮೆ ಎರಡೂಮುಕ್ಕಾಲು ಕಿಲೋ ಬೇಕು. ಕೆಲಸ ಮುಗಿಯಿತು ಎಂದು ಅವು ಹಾಕುವ ಸಹಿ ಆ ಮುಚ್ಚಳ. ಸಹಿ ಬೀಳುವ ಮೊದಲೇ ಕಾಗದ ಎಳೆದುಕೊಂಡರೆ ಹೇಗೆ?

ಇನ್ನು ಹುಳಿಯಾಗುವುದೇಕೆ? ಸಕ್ಕರೆ ದಟ್ಟವಾಗಿದ್ದರೂ ಬದುಕಬಲ್ಲ ಯೀಸ್ಟ್ ಪ್ರತಿ ತುಪ್ಪದಲ್ಲೂ ಇರುತ್ತದೆ. ಹೂವಿನಿಂದ, ಗಾಳಿಯಿಂದ, ಹಳೆಯ ಎರಿಯಿಂದ ಬರುತ್ತದೆ. ನೀವು ಎಷ್ಟು ಶುಚಿಯಾಗಿದ್ದರೂ ಬರುತ್ತದೆ. ನೀರು ಶೇಕಡಾ 17ರ ಒಳಗಿದ್ದರೆ ಅದು ತಲೆಯೆತ್ತುವುದಿಲ್ಲ. 20 ದಾಟಿದರೆ ಇಂದಲ್ಲ ನಾಳೆ ಉಕ್ಕುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವೂ ಸಾಮಾನ್ಯವಾಗಿ ಮಿತಿಯನ್ನು 20ಕ್ಕೇ ಇಟ್ಟಿದೆ. ನಡುವಿನದು ಅನುಮಾನದ ಪಟ್ಟಿ: ಯೀಸ್ಟ್ ಎಷ್ಟಿದೆ, ಬಾಟಲಿ ಎಲ್ಲಿಟ್ಟಿದ್ದೀರಿ, ತುಪ್ಪ ಹರಳುಗಟ್ಟುತ್ತದೆಯೇ ಎಂಬುದರ ಮೇಲೆ ನಿಂತಿದೆ. ಹರಳುಗಟ್ಟಿದಾಗ ಗ್ಲೂಕೋಸ್ ಒಂದು ಕಡೆ ಗಟ್ಟಿಯಾಗಿ, ಉಳಿದ ದ್ರವ ಭಾಗ ಮೊದಲಿಗಿಂತ ನೀರಾಗುತ್ತದೆ. ಆರು ತಿಂಗಳು ಚೆನ್ನಾಗಿದ್ದ ತುಪ್ಪ ಏಳನೆಯ ತಿಂಗಳು ಕೈಕೊಡುವುದು ಹೀಗೆ.

"ಹಾಗಾದರೆ ಕಾಯಿಸಿಬಿಡುತ್ತೇನೆ." ಈ ಮಾತು ಬಂದೇ ಬರುತ್ತದೆ, ನನಗೆ ತಾಳ್ಮೆ ತಪ್ಪುವುದೂ ಇಲ್ಲಿಯೇ. ಹತ್ತು ಕಿಲೋ ತುಪ್ಪ ಶೇಕಡಾ 23ರಲ್ಲಿದೆ ಎಂದುಕೊಳ್ಳಿ. 18ಕ್ಕೆ ತರಲು 600 ಗ್ರಾಂಗಿಂತ ಹೆಚ್ಚು ನೀರನ್ನು ಅದರಿಂದ ಓಡಿಸಬೇಕು. ಅಷ್ಟು ಹೊತ್ತು ಒಲೆಯ ಮೇಲಿಟ್ಟ ತುಪ್ಪದ ಬಣ್ಣ ಕಪ್ಪಾಗುತ್ತದೆ, ಪರಿಮಳ ಹಾರಿಹೋಗುತ್ತದೆ, ಕಿಣ್ವಗಳು ನಾಶವಾಗುತ್ತವೆ. ಉಳಿಯುವುದು ಸಿಹಿ ಪಾಕ. ಸ್ವಲ್ಪವೇ ಕಾಯಿಸಿದರೆ ಇದ್ದ ಯೀಸ್ಟ್ ಸಾಯುತ್ತದೆ ನಿಜ, ನೀರು ಅಲ್ಲೇ ಇರುತ್ತದೆ. ಮುಚ್ಚಳ ತೆರೆದ ದಿನ ಹೊಸ ಯೀಸ್ಟ್ ಬಂದು ಕೂರುತ್ತದೆ. ತೇವ ಇಳಿಸಲೇಬೇಕೆಂದರೆ ತುಪ್ಪ ಎರಿಯಲ್ಲಿರುವಾಗಲೇ ಇಳಿಸಬೇಕು. ಎರಿ ಕಟ್ಟಿದ ಚೌಕಟ್ಟುಗಳನ್ನು ಚಿಕ್ಕ ಕೋಣೆಯಲ್ಲಿ ಅಂತರ ಬಿಟ್ಟು ಜೋಡಿಸಿ, ತೇವ ಹೀರುವ ಯಂತ್ರವನ್ನೂ ಒಂದು ಫ್ಯಾನನ್ನೂ ಹಚ್ಚಿ ಒಂದೆರಡು ದಿನ ಬಾಗಿಲು ಮುಚ್ಚಿಡಿ. ತೆಗೆದು ಬಕೆಟ್ಟಿಗೆ ಸುರಿದ ಮೇಲೆ ಗಾಳಿ ತಾಗುವುದು ಮೇಲ್ಪದರಕ್ಕೆ ಮಾತ್ರ.

ಆ ಮೇಲ್ಪದರದ ಪಾಠ ನನಗೂ ಪುಕ್ಕಟೆ ಸಿಗಲಿಲ್ಲ. ನನ್ನ ಮೊದಲ ಕೊಯ್ಲು ಮಳೆ ಹಿಡಿದ ದಿನಗಳಲ್ಲಿ ಆಯಿತು. ಎರಿಗಳೆಲ್ಲ ಮುಚ್ಚಿದ್ದವು, ತುಪ್ಪ ಗಟ್ಟಿಯಾಗಿಯೇ ಇತ್ತು. ಗುಳ್ಳೆಗಳು ಮೇಲೆ ಬರಲಿ ಎಂದು ಬಕೆಟ್ಟಿಗೆ ತೆಳುಬಟ್ಟೆ ಮಾತ್ರ ಹೊದಿಸಿ ಎರಡು ರಾತ್ರಿ ಬಿಟ್ಟೆ. ಜೇನುತುಪ್ಪ ಗಾಳಿಯ ತೇವವನ್ನು ಹೀರುವ ವಸ್ತು. ಸುತ್ತಲಿನ ಗಾಳಿಯ ತೇವ ಶೇಕಡಾ 60 ದಾಟಿದರೆ ಹೀರಲು ಶುರು ಮಾಡುತ್ತದೆ. ಮೂರನೆಯ ದಿನ ಬಟ್ಟೆ ಸರಿಸಿದಾಗ ಮೇಲೊಂದು ಬೆರಳಿನಷ್ಟು ಪದರ ನೀರುನೀರಾಗಿತ್ತು. ಬುದ್ಧಿವಂತನಾಗಿದ್ದರೆ ಅದನ್ನಷ್ಟೇ ತೆಗೆದಿಡುತ್ತಿದ್ದೆ. ನಾನು ಸೌಟು ಹಾಕಿ ಚೆನ್ನಾಗಿ ಕಲಸಿದೆ.

ಮುಚ್ಚಳ ಎಷ್ಟು ಬಿದ್ದಿರಬೇಕು? ಚೌಕಟ್ಟಿನ ಮುಕ್ಕಾಲು ಭಾಗವಾದರೂ ಎನ್ನುತ್ತೇನೆ. ಇದು ಶಾಸನವಲ್ಲ. ಮಕರಂದ ನಿಂತುಹೋದ ಕಾಲದಲ್ಲಿ ಮುಚ್ಚದ ಕಣದಲ್ಲೂ ಹದವಾದ ತುಪ್ಪ ಇರಬಹುದು. ತೇವದ ಹವೆಯಲ್ಲಿ ಮುಚ್ಚಿದ್ದೂ ತೆಳುವಾಗಿರಬಹುದು. ನಮ್ಮ ನಾಡಿನ ತುಡುವೆ ಜೇನಿನ ತುಪ್ಪ ಯುರೋಪಿನ ಮೆಲ್ಲಿಫೆರಾ ಜೇನಿನದ್ದಕ್ಕಿಂತ ಸಾಮಾನ್ಯವಾಗಿ ನೀರು ಹೆಚ್ಚಿನದು, ಅದಕ್ಕೆ ಇನ್ನೂ ಎಚ್ಚರ ಬೇಕು. ಹಾಗಾಗಿ ಕಣ್ಣಿನ ಜೊತೆ ಕೈಯನ್ನೂ ನಂಬಿ. ಚೌಕಟ್ಟನ್ನು ಪೆಟ್ಟಿಗೆಯ ಮೇಲೆ ಅಡ್ಡಲಾಗಿ, ನೆಲಕ್ಕೆ ಸಮವಾಗಿ ಹಿಡಿದು ಒಮ್ಮೆ ಕೆಳಕ್ಕೆ ಝಾಡಿಸಿ. ಮುಚ್ಚದ ಕಣಗಳಿಂದ ಮಳೆಹನಿಯಂತೆ ಚಿಮ್ಮಿದರೆ ಅದು ಮಕರಂದ. ಎರಿಯನ್ನು ವಾಪಸು ಇಳಿಸಿ. ಹನಿ ಬೀಳದಿದ್ದರೆ ಮುಂದುವರಿಯಬಹುದು. ಮಾರುವ ಅಥವಾ ಹಂಚುವ ಯೋಚನೆಯಿದ್ದರೆ ತುಪ್ಪದ ನೀರಿನಂಶ ತೋರಿಸುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ, ಅದೂ ಜೇನಿನ ಅಳತೆಪಟ್ಟಿ ಇರುವಂಥದ್ದು. ಹಣ್ಣಿನ ರಸ ಅಳೆಯುವುದನ್ನು ತಂದು, ಅದರಲ್ಲಿ ಗೆರೆಯೇ ಕಾಣುತ್ತಿಲ್ಲ ಎಂದು ನನ್ನೊಡನೆ ಜಗಳವಾಡಿದವರಿದ್ದಾರೆ.

ಮರಿ ಬೆಳೆಸುವ ಸಂಸಾರ ಕೋಣೆಯ ತುಪ್ಪಕ್ಕೆ ಕೈಹಾಕಬೇಡಿ ಎಂದು ಇಲ್ಲಿ ಬರೆಯಬೇಕಾಗಿಲ್ಲ ಎಂದುಕೊಂಡಿದ್ದೇನೆ. ಒಂದು ವರ್ಷದೊಳಗಿನ ಮಗುವಿಗೆ ಎಷ್ಟೇ ಶುದ್ಧ ತುಪ್ಪವಾದರೂ ನೆಕ್ಕಿಸಬೇಡಿ, ಬಾಟ್ಯುಲಿಸಂ ಎಂಬ ವಿಷಬಾಧೆಯ ಭಯವಿದೆ. ಹುಳಿಬಂದ ತುಪ್ಪವನ್ನು ನೊಣಗಳಿಗೆ ತಿರುಗಿ ಉಣಿಸುವ ಜಾಣತನವೂ ಬೇಡ, ಅವಕ್ಕೆ ಭೇದಿಯಾಗುತ್ತದೆ.

ಮೇಣಕ್ಕೆ ಬಂದರೆ, ಕೊಯ್ಲಿನ ಅತ್ಯುತ್ತಮ ಮೇಣ ನೀವು ಕತ್ತರಿಸಿ ಬಿಸಾಡುವ ಆ ಮುಚ್ಚಳಗಳೇ. ಎಳೆಯ ಮೇಣ, ನಸು ಹಳದಿ, ಮರಿ ಬೆಳೆಸಿದ ಎರಿಯ ಕೊಳೆ ಅದರಲ್ಲಿಲ್ಲ. ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿ ತುಪ್ಪ ಸೋರಿಸಿ, ತಣ್ಣೀರಿನಲ್ಲಿ ತೊಳೆದು, ಆಮೇಲೆ ಕರಗಿಸಿ. ಕಬ್ಬಿಣ, ತಾಮ್ರ, ಹಿತ್ತಾಳೆ ಬೇಡ, ಮೇಣದ ಬಣ್ಣ ಕೆಡುತ್ತದೆ. ಸ್ಟೀಲ್ ಪಾತ್ರೆ ಸಾಕು. ಗಡಸು ನೀರಿಗಿಂತ ಮಳೆನೀರು ಒಳ್ಳೆಯದು. ಮೇಣ ಕರಗಲು 62ರಿಂದ 64 ಡಿಗ್ರಿ ಸಾಕು, ಅಂದರೆ ನೀರು ಕುದಿಯುವ ಅಗತ್ಯವೂ ಇಲ್ಲ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು, ಅದರಲ್ಲಿ ತುಸು ನೀರಿನ ಜೊತೆ ಮೇಣ ಹಾಕಿ ಕರಗಿಸಿ. ನೇರ ಉರಿಯ ಮೇಲೆ ಇಟ್ಟು ಫೋನಿಗೆ ಉತ್ತರಿಸಲು ಹೋದವರೊಬ್ಬರ ಅಡುಗೆಮನೆಯ ಸೂರನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊತ್ತಿಕೊಂಡ ಮೇಣಕ್ಕೆ ಅವರು ಗಾಬರಿಯಲ್ಲಿ ನೀರು ಸುರಿದಿದ್ದರು. ಮನುಷ್ಯರಿಗೆ ಏನೂ ಆಗಲಿಲ್ಲ. ಕರಗಿದ್ದನ್ನು ನಿಧಾನವಾಗಿ ಆರಲು ಬಿಡಿ. ಮೇಣ ತೇಲುತ್ತದೆ, ಕಸ ಅದರ ತಳಕ್ಕೆ ಕಟ್ಟುತ್ತದೆ, ಚಾಕುವಿನಿಂದ ಹೆರೆದರಾಯಿತು. ಮೊದಲ ವರ್ಷ ಒಂದು ಮುಷ್ಟಿಯಷ್ಟು ಸಿಕ್ಕಿದರೆ ಮುಖ ಸಪ್ಪೆ ಮಾಡಬೇಡಿ. ಹತ್ತು ಕಿಲೋ ತುಪ್ಪದ ಮುಚ್ಚಳದಿಂದ ನೂರಿನ್ನೂರು ಗ್ರಾಂ ಬಂದರೆ ಅದೇ ದೊಡ್ಡದು.

ಬಾಟಲಿ ತಂದವರು ಮೊನ್ನೆ ಫೋನ್ ಮಾಡಿದ್ದರು. ಎರಡನೆಯ ಪೆಟ್ಟಿಗೆಯ ಎದುರೇ ನಿಂತಿದ್ದರು, ಹಿನ್ನೆಲೆಯಲ್ಲಿ ನೊಣಗಳ ಸದ್ದು. "ಮುಕ್ಕಾಲು ಮುಚ್ಚಿದೆ ಸರ್. ತೆಗೆಯಲೇ?"

"ಝಾಡಿಸಿ ನೋಡಿದಿರಾ?"

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಂದವರು ಮೆಲ್ಲಗೆ ಹೇಳಿದರು, "ಶರಟಿನ ಮೇಲೆಲ್ಲ ಬಿತ್ತು."

"ಇನ್ನೊಂದು ವಾರ ಬಿಡಿ" ಎಂದೆ.